‘ಇಲ್ಲ ತಾನೆ?’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ

ಕೆಲವು ತಿಂಗಳ ಹಿಂದೆ ಉಡುಪಿಯಲ್ಲಿ ಒಂದು ದಿನದ ತರಬೇತಿ ಕೊಡಲು ಹೋಗಿದ್ದೆ. ಸ್ಟಾಫ್ ನರ್ಸುಗಳು, ಸಮುದಾಯ ಆರೋಗ್ಯ ಅಧಿಕಾರಿಗಳು, ಇಬ್ಬರು ಆಪ್ತಸಮಾಲೋಚಕರು, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗ, ಹೀಗೆ ಇಪ್ಪತ್ತೆರಡು ಜನ. ವಿಷಯ, ಆತ್ಮಹತ್ಯೆಯ ಅಪಾಯವನ್ನು ಅಂದಾಜು ಮಾಡುವುದು ಹೇಗೆ ಎಂಬುದು. ಗೋಳಿಬಜೆ ಮುಗಿದಿತ್ತು, ಬ್ಯಾನರ್ ಕಟ್ಟಿಯಾಗಿತ್ತು, ಗ್ರೂಪ್ ಫೋಟೊ ಬೆಳಿಗ್ಗೆಯೇ ತೆಗೆದಾಗಿತ್ತು. ಸ್ಲೈಡ್ ಹಾಕುವ ಮೊದಲು ಎರಡು ಕುರ್ಚಿಗಳನ್ನು ಎದುರುಬದುರು ಇಡಿಸಿದೆ.

ಒಂದರಲ್ಲಿ ಹಿರಿಯ ಸಿಸ್ಟರ್ ಒಬ್ಬರು ಕುಳಿತರು. ಅವರಿಗೆ ಕೊಟ್ಟ ಪಾತ್ರ ಬೀಡಿ ಕಟ್ಟುವ ನಲವತ್ತೆರಡರ ಹೆಂಗಸಿನದು. ಗಂಡನಿಗೆ ಕುಡಿತ, ಸಂಘದ ಸಾಲದ ಕಂತು ತಪ್ಪದೆ ವಾರವಾರ ಬರುತ್ತದೆ, ಮೂರು ವಾರದಿಂದ ನಿದ್ದೆಯಿಲ್ಲ. ನಾನು ಹೇಳದಿದ್ದರೂ ಸಿಸ್ಟರ್ ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆ (ಮೊರ) ಇದೆಯೆಂಬಂತೆ ಬೆರಳಾಡಿಸತೊಡಗಿದರು. (ಅವರ ತಾಯಿ ಬೀಡಿ ಕಟ್ಟಿಯೇ ಮಗಳನ್ನು ನರ್ಸಿಂಗ್ ಓದಿಸಿದ್ದಂತೆ, ಅದು ಆಮೇಲೆ ತಿಳಿಯಿತು.) ಎದುರಿನ ಕುರ್ಚಿಯಲ್ಲಿ ಆ ಹುಡುಗ, ಕೈಯಲ್ಲಿ ಫಾರ್ಮ್. ಹೆಸರು, ವಯಸ್ಸು, ನಿದ್ದೆ, ಹಸಿವು ಎಲ್ಲವನ್ನೂ ಕೇಳಿ ಮುಗಿಸಿ ಏಳನೆಯ ಪ್ರಶ್ನೆಗೆ ಬಂದವನು ತಲೆ ಎತ್ತದೆ ಕೇಳಿದ: “ಆತ್ಮಹತ್ಯೆಯ ಯೋಚನೆ ಏನೂ ಇಲ್ಲ ತಾನೆ ಅಕ್ಕ?”

“ಇಲ್ಲಪ್ಪ” ಎಂದರು ಸಿಸ್ಟರ್. ಬೆರಳು ನಿಂತಿತು.

ಹುಡುಗ ಟಿಕ್ ಹಾಕಿದ. ಬೆರಳು ನಿಂತದ್ದನ್ನು ಸುತ್ತ ಕುಳಿತವರೆಲ್ಲ ನೋಡಿದರು, ಅವನೊಬ್ಬ ನೋಡಲಿಲ್ಲ.

ಆ ‘ತಾನೆ’ಯ ಬಗ್ಗೆಯೇ ನಾವು ಮುಕ್ಕಾಲು ಗಂಟೆ ಮಾತಾಡಿದೆವು. ನಮ್ಮ ಭಾಷೆಯಲ್ಲಿ ಉತ್ತರವನ್ನು ಮೊದಲೇ ಬಾಯಿಗೆ ಇಟ್ಟು ಪ್ರಶ್ನೆ ಕೇಳುವ ಸೌಕರ್ಯ ಬಹಳ ಚೆನ್ನಾಗಿದೆ. ‘ಊಟ ಆಯಿತಲ್ಲ?’ ಎಂದರೆ ಹಸಿದವನೂ ಆಯಿತು ಎನ್ನುತ್ತಾನೆ. ‘ತೊಂದರೆ ಏನೂ ಇಲ್ಲವಲ್ಲ?’ ಎಂದರೆ ಜ್ವರದಲ್ಲಿ ಮಲಗಿದವಳೂ ಇಲ್ಲ ಎನ್ನುತ್ತಾಳೆ. ಕೇಳುವವರಿಗೆ ಬೇಕಾದ ಉತ್ತರ ಯಾವುದೆಂದು ಆ ಬಾಲಪದವೇ ಹೇಳಿಬಿಡುತ್ತದೆ, ಎದುರಿನವರು ಮರ್ಯಾದೆಗಾಗಿ ಅದನ್ನೇ ಒಪ್ಪಿಸುತ್ತಾರೆ. ಇದು ನಮ್ಮೊಬ್ಬರ ರೋಗವಲ್ಲ. ಇಂಗ್ಲೆಂಡಿನಲ್ಲಿ ಮನೋವೈದ್ಯರು ರೋಗಿಗಳೊಂದಿಗೆ ಆಡಿದ ಮಾತನ್ನು ವಿಡಿಯೊ ಮಾಡಿ, ಪದಪದವಾಗಿ ಬಿಡಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಅಲ್ಲಿಯೂ ಈ ವಿಷಯದ ಹೆಚ್ಚಿನ ಪ್ರಶ್ನೆಗಳು ‘ಇಲ್ಲ’ ಎಂಬ ಉತ್ತರದ ಕಡೆಗೇ ವಾಲಿದ್ದವು. ಓದಿದವರು ಹೀಗೆ ಕೇಳುತ್ತಾರೆಂದರೆ ಕಾರಣ ಅಜ್ಞಾನವಲ್ಲ, ಹೆದರಿಕೆ. ಹೌದು ಎಂದುಬಿಟ್ಟರೆ ಮುಂದೇನು ಎಂಬ ಹೆದರಿಕೆ.

ನನಗೆ ಈ ಹೆದರಿಕೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದ ಹಿಂದೆ, ಜೂನ್ ತಿಂಗಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಅರವತ್ತೊಂದು ದಿನ ಮಲ್ಪೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಅವುಗಳಲ್ಲಿ ದುಡಿಯುವ ಕಲಾಸಿಗಳ ಕೈಯಲ್ಲಿ ಕಾಸಿರುವುದಿಲ್ಲ. ಹಾಗೊಬ್ಬ ಕಲಾಸಿಯನ್ನು ಅವನ ಅಕ್ಕ ನಾನಿದ್ದ ಆಸ್ಪತ್ರೆಗೆ ಕರೆತಂದಿದ್ದಳು. ನನ್ನ ಬಳಿ ಅಂಕ ಕೊಡುವ ಫಾರ್ಮ್ ಇತ್ತು. ಹಿಂದೆ ಪ್ರಯತ್ನ ಮಾಡಿದ್ದುಂಟೇ, ಸೊನ್ನೆ. ಮನೆಯವರ ಬೆಂಬಲವಿದೆಯೇ, ಇದೆ, ಅಕ್ಕ ಪಕ್ಕದಲ್ಲೇ ಕುಳಿತಿದ್ದಾಳೆ. ನಡುವೆ ಪೆನ್ನು ಬರೆಯದೆ ಹೋಯಿತು, ಕೊಡವಿ ಕೊಡವಿ ಬರೆದೆ. ಕೂಡಿಸಿದೆ, ‘ಕಡಿಮೆ ಅಪಾಯ’ ಬಂತು. ಹನ್ನೊಂದನೆಯ ದಿನ ಅವನು ತುರ್ತು ವಾರ್ಡಿನಲ್ಲಿದ್ದ. ಬದುಕಿಕೊಂಡ. ನಾನು ಹೋಗಿ ಪಕ್ಕದಲ್ಲಿ ಕುಳಿತಾಗ ಸಿಟ್ಟಿಲ್ಲದೆ ಹೇಳಿದ: “ನೀವು ಕಾಗದವನ್ನು ನೋಡುತ್ತಿದ್ದಿರಿ ಮೇಡಂ. ಅಕ್ಕ ಬೇರೆ ಪಕ್ಕದಲ್ಲಿದ್ದಳು. ನಾನು ಯಾರಿಗೆ ಹೇಳುವುದು?”

ಆ ಮೇಲೆಯೇ ನಾನು ಓದಲು ಕುಳಿತದ್ದು. ನಾಚಿಕೆಯಾಗುವಷ್ಟು ಹಳೆಯ ವಿಷಯ ಇದು. ಅಮೆರಿಕದ ಪೊಕೊರ್ನಿ ಎಂಬ ಮನೋವೈದ್ಯರು ಮಾಜಿ ಸೈನಿಕರ ಆಸ್ಪತ್ರೆಗೆ ದಾಖಲಾದ 4,800 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ 67 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಕೈಯಲ್ಲಿದ್ದ ಅಳತೆಗೋಲುಗಳನ್ನೆಲ್ಲ ಹಾಕಿ ‘ಇವರಿಗೆ ಅಪಾಯ ಹೆಚ್ಚು’ ಎಂದು ಗುರುತಿಸಿದವರಲ್ಲಿ ಬಹುಪಾಲು ಜನ ಹಾಗೆ ಸಾಯಲಿಲ್ಲ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಗುಂಪಿನಲ್ಲೇ ಇರಲಿಲ್ಲ. 2017ರಲ್ಲಿ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ನಮ್ಮ ಊಹೆ ನಾಣ್ಯ ಚಿಮ್ಮುವುದಕ್ಕಿಂತ ತುಸುವಷ್ಟೇ ಮೇಲು ಎಂದು ತಿಳಿಯಿತು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ನೇರವಾಗಿ ಹೇಳುತ್ತದೆ: ಮುಂದೇನಾಗುತ್ತದೆಂದು ಊಹಿಸಲು ಅಂಕಪಟ್ಟಿಗಳನ್ನು ಬಳಸಬೇಡಿ, ಕಡಿಮೆ, ಮಧ್ಯಮ, ಹೆಚ್ಚು ಎಂದು ಜನರನ್ನು ವಿಂಗಡಿಸಬೇಡಿ. ಅಲ್ಲಿನ ಸರಕಾರಿ ಆರೋಗ್ಯ ಸೇವೆ 2025ರ ಏಪ್ರಿಲಿನಲ್ಲಿ ಇದೇ ಮಾತನ್ನು ಎಲ್ಲ ಮಾನಸಿಕ ಆರೋಗ್ಯ ಕಾರ್ಯಕರ್ತರಿಗೂ ಕೆಲಸದ ಮಾದರಿಯಾಗಿ ಕೊಟ್ಟಿತು.

ನಾವು ಮಾತ್ರ ಅವರು ಬಿಟ್ಟ ಫಾರ್ಮನ್ನು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೇವೆ.

ಹಾಗಾದರೆ ಕಲಿಸಬೇಕಾದದ್ದು ಏನು? ಅದಕ್ಕೆ ‘ವ್ಯಕ್ತಿಕೇಂದ್ರಿತ’ ಎಂಬ ಭಾರೀ ಪದವಿದೆ. ತರಬೇತಿಯಲ್ಲಿ ಆ ಪದವನ್ನು ಒಮ್ಮೆ ಬೋರ್ಡಿನ ಮೇಲೆ ಬರೆದು ಒರೆಸಿಬಿಟ್ಟೆ. ಹುಡುಗನನ್ನು ಅದೇ ಕುರ್ಚಿಯಲ್ಲಿ ಮತ್ತೆ ಕೂರಿಸಿ, ಫಾರ್ಮ್ ಕಿತ್ತುಕೊಂಡೆ. ಹೀಗೆ ಕೇಳಿ ನೋಡು ಎಂದೆ: “ಇಷ್ಟು ಕಷ್ಟ ಮೈಮೇಲೆ ಬಂದಾಗ ಸತ್ತುಹೋದರೆ ಸಾಕು ಎಂದು ಕೆಲವರಿಗೆ ಅನ್ನಿಸುವುದುಂಟು. ನಿಮಗೆ ಹಾಗೆ ಅನ್ನಿಸಿದ್ದುಂಟೇ ಅಕ್ಕ?” ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು ತುಳುವಿನಲ್ಲಿ “ಎಂಕ್ ಸಾಕಾಂಡ್” ಎಂದರು. ನನಗೆ ಸಾಕಾಯಿತು.

ಈ ಸಾಕಾಯಿತು ಎಂಬ ಮಾತನ್ನು ನಮ್ಮ ಕಡೆ ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಮಳೆ ಸಾಕಾಯಿತು, ಬಸ್ಸಿಗೆ ಕಾದು ಸಾಕಾಯಿತು. ಹಾಗಾಗಿ ಕಿವಿ ದಾಟಿ ಹೋಗುತ್ತದೆ. ಹುಡುಗ ಈ ಸಲ ಹೋಗಲು ಬಿಡಲಿಲ್ಲ. “ಏನು ಸಾಕಾಯಿತು ಅಕ್ಕ?” ಎಂದ. ಅಲ್ಲಿಂದ ಮುಂದಿನದನ್ನು ನಾನು ಕಲಿಸಲಿಲ್ಲ, ಅದು ತಾನಾಗಿ ಬಂತು. ಯಾವ ಹೊತ್ತಿನಲ್ಲಿ ಹೆಚ್ಚು ಅನ್ನಿಸುತ್ತದೆ? ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಸಂಜೆ, ಕಂತಿಗೆ ಸಾಲದು ಎಂದು ಗೊತ್ತಾದಾಗ. ಹೋದ ಬಾರಿ ಹಾಗೆ ಅನ್ನಿಸಿದಾಗ ತಡೆದದ್ದು ಏನು? ಮಗಳ ಪರೀಕ್ಷೆ. ಪರೀಕ್ಷೆ ಮುಗಿಯುವುದು ಯಾವಾಗ? ಬರುವ ಗುರುವಾರ.

ಕೋಣೆ ನಿಶ್ಶಬ್ದವಾಯಿತು. ಅಂಕಪಟ್ಟಿಯಲ್ಲಿ ‘ಮಕ್ಕಳಿದ್ದಾರೆ’ ಎಂಬುದು ರಕ್ಷಣೆಯ ಕಡೆಗೆ ಒಂದು ಅಂಕ. ಆ ಅಂಕಕ್ಕೆ ಗುರುವಾರದ ಗಡುವು ಇದೆ ಎಂದು ಅಂಕಪಟ್ಟಿಗೆ ಗೊತ್ತಿರಲಿಲ್ಲ.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಪ್ರತಿ ತರಬೇತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಇಲ್ಲ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಕೇಳುವುದರಿಂದ ಯೋಚನೆ ಹೆಚ್ಚಿದ ಪುರಾವೆ ಸಿಕ್ಕಿಲ್ಲ, ಕೆಲವದರಲ್ಲಿ ಭಾರ ಇಳಿದದ್ದೇ ಕಂಡಿದೆ. ಇನ್ನೊಬ್ಬರು, ಹಾಗೆ ಮಾಡಿಕೊಳ್ಳುವುದಿಲ್ಲ ಎಂದು ಬರೆಸಿಕೊಂಡು ಸಹಿ ಹಾಕಿಸಿದರೆ ಹೇಗೆ ಎಂದರು. ಊರಿನಲ್ಲಿ ಇದರ ಅಣ್ಣನೇ ಇದ್ದಾನೆ, ಆಣೆ. ಮನೆಯವರು ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಹಾಕಿಸಿಬಿಡುತ್ತಾರೆ. ನಾನು ದೇವರನ್ನು ನಂಬುವವಳೇ. ಆದರೆ ಆಣೆ ಇಟ್ಟವರು ಮತ್ತೆ ಆ ಯೋಚನೆ ಬಂದಾಗ ಬಾಯಿ ಬಿಡುವುದಿಲ್ಲ, ಆಣೆ ತಪ್ಪಿದ ಪಾಪವೂ ಸೇರಿತಲ್ಲ ಎಂದು. ನಮ್ಮ ಕೈಯಲ್ಲಿ ಸಹಿ ಉಳಿಯುತ್ತದೆ, ಮಾತು ನಿಂತುಹೋಗುತ್ತದೆ.

ಅದರ ಬದಲು ಒಪಿಡಿ ಚೀಟಿಯ ಹಿಂಬದಿಯೇ ಸಾಕು. ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯ ಕ್ರಮ ಅದು, ಆದರೆ ಬರೆಯಬೇಕಾದದ್ದು ಆ ಹೆಂಗಸಿನ ಮಾತಿನಲ್ಲಿ. ಯೋಚನೆ ಬರುವ ಮುನ್ಸೂಚನೆ ಏನು, ಆಗ ನಾನೇ ಮಾಡಬಹುದಾದದ್ದು ಏನು, ಯಾರ ಮನೆಯ ಜಗಲಿಗೆ ಹೋಗಿ ಕುಳಿತುಕೊಳ್ಳಬಹುದು, ಯಾರಿಗೆ ಬಾಯಿ ಬಿಟ್ಟು ಹೇಳಬಹುದು, ಮನೆಯಲ್ಲಿ ಅಪಾಯವಾಗಬಹುದಾದದ್ದನ್ನು ಯಾರ ವಶಕ್ಕೆ ಕೊಡುವುದು, ಯಾವ ಆಸ್ಪತ್ರೆ. ಕೊನೆಗೆ 14416, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ ಸಂಖ್ಯೆ. 2022ರ ಅಕ್ಟೋಬರ್ 10ರಿಂದ ಇದೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಇದನ್ನು ಓದುತ್ತಿರುವ ಯಾರಿಗಾದರೂ ಈಗಲೇ ಬೇಕಿದ್ದರೆ ಉಳಿದದ್ದನ್ನು ಬಿಟ್ಟು ಅದಕ್ಕೆ ಕರೆ ಮಾಡಿ. ಬರಹ ಇಲ್ಲೇ ಇರುತ್ತದೆ.

ಪೊಲೀಸ್ ಕೇಸಿನ ಮಾತು ಬಂದಾಗ ಇಪ್ಪತ್ತೆರಡರಲ್ಲಿ ಆರೇಳು ಜನರಿಗಷ್ಟೇ ಕಾನೂನು ಗೊತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮಿನ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು. ಆರೈಕೆ ಕೊಡುವುದು ಸರಕಾರದ ಕರ್ತವ್ಯ. 2024ರ ಜುಲೈ 1ರಿಂದ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮು ಇಲ್ಲವಾಗಿದೆ. ಹೊಸ ಸಂಹಿತೆಯಲ್ಲಿ ಉಳಿದಿರುವುದು ಸರಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಬಲವಂತಪಡಿಸಲು ಹಾಗೆ ಮಾಡಿದರೆ ಎಂಬ ಒಂದು ಕಲಮು ಮಾತ್ರ. ಇಷ್ಟಾದರೂ ಹೆದರಿಕೆ ಹೋಗಿಲ್ಲ. ಆತ್ಮಹತ್ಯೆ ಎಂಬ ಪದದೊಳಗೇ ಹತ್ಯೆ ಕುಳಿತಿದೆಯಲ್ಲ, ಹೇಗೆ ಹೋದೀತು?

ಊಟದ ಹೊತ್ತಿಗೆ ಹಿರಿಯ ವೈದ್ಯರೊಬ್ಬರು ನನ್ನನ್ನು ಬದಿಗೆ ಕರೆದರು. “ನೀವು ಹೇಳುವುದೆಲ್ಲ ಸರಿ ಮೇಡಂ. ನಮಗೆ ಒಂದು ಬೆಳಿಗ್ಗೆ ಎಂಬತ್ತು ಟೋಕನ್. ನಾಳೆ ಹೆಚ್ಚುಕಡಿಮೆಯಾದರೆ ಫಾರ್ಮ್ ಅಲ್ಲದೆ ಬೇರೇನು ತೋರಿಸುವುದು?” ನ್ಯಾಯವಾದ ಪ್ರಶ್ನೆ, ಲಘುವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಂಬತ್ತು ಜನರನ್ನೂ ಹೀಗೆ ಕೂರಿಸಿ ಕೇಳಲಾಗದು. ಆದರೆ ಎಂಬತ್ತರಲ್ಲಿ ಇಬ್ಬರಿಗೋ ಮೂವರಿಗೋ ಹತ್ತು ನಿಮಿಷ ಸಿಗಬೇಕು, ಮನೆಯವರನ್ನು ಐದು ನಿಮಿಷ ಹೊರಗೆ ಕೂರಿಸಬೇಕು. ದಾಖಲೆಯ ಮಾತಿಗೆ ಬಂದರೆ, ‘ಕಡಿಮೆ ಅಪಾಯ’ ಎಂಬ ಎರಡು ಪದಕ್ಕಿಂತ ‘ಗುರುವಾರದವರೆಗೆ ಮಗಳ ಪರೀಕ್ಷೆ ತಡೆದಿದೆ, ಶುಕ್ರವಾರ ಬೆಳಿಗ್ಗೆ ಬರಲು ಹೇಳಿದೆ, ತಂಗಿಗೆ ತಿಳಿಸಲು ಒಪ್ಪಿದ್ದಾರೆ’ ಎಂಬ ಮೂರು ಸಾಲು ನನ್ನನ್ನು ಹೆಚ್ಚು ಕಾಪಾಡುತ್ತದೆ. ಆ ಹೆಂಗಸನ್ನೂ. ವೈದ್ಯರು ಪೂರ್ತಿ ಒಪ್ಪಲಿಲ್ಲ. ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡು “ನೋಡುವ” ಎಂದರು.

ದೇಶದಲ್ಲಿ 2022ರಲ್ಲಿ 1,70,924 ಜನ ಹೀಗೆ ತೀರಿಕೊಂಡರು ಎನ್ನುತ್ತದೆ ಅಪರಾಧ ದಾಖಲೆಗಳ ಬ್ಯೂರೊ. ಅದೇ ವರ್ಷ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರದ ಗುರಿ, 2030ರ ಹೊತ್ತಿಗೆ ಶೇ. 10ರಷ್ಟು ಇಳಿಕೆ. ಅದಕ್ಕಾಗಿ ತರಬೇತಿಗಳು ನಡೆಯುತ್ತಿವೆ, ನಡೆಯಲಿ. ಆದರೆ ಒಂದು ದಿನ ಕೇಳಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸಿದರೆ ಏನಾಗುತ್ತದೆಂದು ಮೂರು ವಾರದ ನಂತರ ತಿಳಿಯಿತು.

ರಾತ್ರಿ ಎಂಟೂವರೆಗೆ ಆ ಸಿಸ್ಟರ್ ಫೋನ್ ಮಾಡಿದರು. ರೋಗಿಯೊಬ್ಬರನ್ನು ‘ತಾನೆ’ ಬಿಟ್ಟು ಕೇಳಿದ್ದರಂತೆ. ಹೌದು ಎಂಬ ಉತ್ತರ ಬಂದಿತ್ತು. ನಲವತ್ತು ನಿಮಿಷ ಕುಳಿತು ಕೇಳಿ, ಚೀಟಿಯ ಹಿಂದೆ ಬರೆದು, ರೋಗಿಯ ಅಣ್ಣನನ್ನು ಕರೆಸಿ, ವೈದ್ಯರ ಬಳಿಗೆ ಕಳುಹಿಸಿದ್ದರು. ಎಲ್ಲವೂ ಸರಿಯಾಗಿತ್ತು. “ಮತ್ತೆ ಎಂತ ಸಿಸ್ಟರ್?” ಎಂದೆ. “ನನಗೆ ಎರಡು ದಿನದಿಂದ ಅನ್ನ ಸೇರುವುದಿಲ್ಲ ಮೇಡಂ. ಇದನ್ನು ನಾನು ಯಾರ ಹತ್ತಿರ ಹೇಳುವುದು?” ಒಂಬತ್ತು ವರ್ಷದ ಹಿಂದೆ ಆ ಕಲಾಸಿ ಕೇಳಿದ್ದೂ ಇದನ್ನೇ.

ತರಬೇತಿ ಪಡೆದವರು ತಿಂಗಳಿಗೊಮ್ಮೆ ಅನುಭವಿಗಳೊಬ್ಬರ ಜತೆ ಕುಳಿತು ಮಾತಾಡಲು ಒಂದು ಕೋಣೆ, ಎರಡು ಗಂಟೆ ಕೊಡಿ ಎಂದು ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಬ್ಯಾನರ್ ಬೇಡ, ಊಟ ಬೇಡ ಎಂದೂ ಬರೆದಿದ್ದೆ. ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂದು ತಿರುಗಿ ಪ್ರಶ್ನೆ ಬಂತು. ಖರ್ಚಿಲ್ಲದ್ದಕ್ಕೆ ಶೀರ್ಷಿಕೆ ಯಾವುದೆಂದು ನನಗೂ ತಿಳಿಯಲಿಲ್ಲ. ಕಡತ ಅಲ್ಲಿಯೇ ಇದೆ.

ಸದ್ಯಕ್ಕೆ ಎರಡನೆಯ ಶನಿವಾರ ಮಧ್ಯಾಹ್ನ ಮೂರೂವರೆಗೆ ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತಿದ್ದೇವೆ. ಮೊದಲ ಬಾರಿ ನಾಲ್ವರು ಬಂದರು, ಕಳೆದ ಬಾರಿ ಏಳು. ಚಹಾ ನನ್ನದು, ಸಿಸ್ಟರ್ ಬನ್ಸ್ ಮಾಡಿ ತರುತ್ತಾರೆ. ಆ ಹುಡುಗ ಕುಂದಾಪುರದ ಕಡೆಯಿಂದ ಎರಡು ಬಸ್ ಬದಲಿಸಿ ಬರುತ್ತಾನೆ. ಮೊದಲ ಸಲ ಬಂದಾಗ ನೋಟ್‌ಬುಕ್ ತೆಗೆದಿದ್ದ, ಸಿಸ್ಟರ್ ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು.