ಮೇಸ್ತ್ರಿಗೂ ಜ್ಯೂರಿಯಲ್ಲಿ ಒಂದು ಕುರ್ಚಿ ಹಾಕಿ

ನಿನ್ನೆ ಒಂದು ಆರ್ಕಿಟೆಕ್ಚರ್ ಕಾಲೇಜಿನ ಜ್ಯೂರಿಗೆ, ಅಂದರೆ ವಿದ್ಯಾರ್ಥಿಗಳ ಡಿಸೈನ್ ನೋಡಿ ಮಾರ್ಕ್ಸ್ ಕೊಡುವ ಸಭೆಗೆ, ಹೋಗಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬ ಹುಡುಗಿ ಹಳ್ಳಿ ಶಾಲೆಯೊಂದರ ಡಿಸೈನ್ ಮಾಡಿದ್ದಳು. ಎಲ್ಲರ ಹಾಗೆ ಶೀಟು, ಮಾಡೆಲ್ ಇದ್ದವು. ಜೊತೆಗೆ ಕಾಲೇಜಿನ ಹಿಂದಿನ ಖಾಲಿ ಜಾಗದಲ್ಲಿ ನಿಜವಾದ ಗೋಡೆಯನ್ನೇ ಕಟ್ಟಿ ನಿಲ್ಲಿಸಿದ್ದಳು. ಇಟ್ಟಿಗೆಯನ್ನು ಮಗ್ಗುಲಿಗೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಬಾಂಡ್. ಇದರಲ್ಲಿ ಇಟ್ಟಿಗೆ ಹತ್ತಿರತ್ತಿರ ಕಾಲು ಭಾಗ ಉಳಿಯುತ್ತದೆ, ಒಳಗಿನ ಗಾಳಿ ಬಿಸಿಲ ಕಾವನ್ನು ತಡೆಯುತ್ತದೆ. ಕಿಟಕಿಯ ಮೇಲೆ ಭಾರ ಹೊರುವ ಅಡ್ಡತೊಲೆ, ಅಂದರೆ ಲಿಂಟಲ್ ಇಲ್ಲ, ಇಟ್ಟಿಗೆ ಕಮಾನು. ನಾನು ಬಗ್ಗಿ ನೋಡಿದೆ. ಸಂದುಗಳು ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ನೆತ್ತಿಯ ಇಟ್ಟಿಗೆ ಬಿಗಿಯಾಗಿ ಕೂತಿತ್ತು. ಕಟ್ಟುವಾಗ ಆಸರೆಗೆ ಕೊಟ್ಟ ಸೆಂಟ್ರಿಂಗ್ ಬಿಚ್ಚಿದ ಮೇಲೂ ಎಲ್ಲೂ ಒಂದು ಬಿರುಕಿಲ್ಲ.

ಕೈಹಿಡಿದು ಕಲಿಸಿದ್ದು ಅವಳ ಅಪ್ಪ. ಗಾರೆ ಕೆಲಸದ ಮೇಸ್ತ್ರಿ. ಮಗಳ ಜ್ಯೂರಿ ಅಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಾರಿಡಾರಿನಲ್ಲೇ ನಿಂತಿದ್ದರು. ಒಳಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ. ನಾನು ಹೋಗಿ ಮಾತಾಡಿಸಿದಾಗ ಕೇಳಿದ್ದು ಒಂದೇ: "ಗೋಡೆ ನೋಡಿದ್ರಾ ಸಾರ್? ಅವ್ರೂ ನೋಡ್ತಾರಾ?"

ನೋಡಲಿಲ್ಲ. ಜ್ಯೂರಿಯಲ್ಲಿ ಕೂತ ಉಳಿದವರು ಯಾರೂ ನಾಲ್ಕು ಹೆಜ್ಜೆ ನಡೆದು ಆ ಗೋಡೆಯ ಹತ್ತಿರ ಹೋಗಲಿಲ್ಲ. "ರೆಂಡರ್ ಎಲ್ಲಿ? ಗ್ರಾಫಿಕ್ಸ್ ವೀಕ್" ಅಂದರು. ರೆಂಡರ್ ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಕಟ್ಟಡದ ಚಿತ್ರ. ಮಾರ್ಕ್ಸ್ ಕಡಿಮೆ ಕೊಟ್ಟರು. ಅವಳ ಹಿಂದೆ ಬಂದ ಹುಡುಗನ ಸ್ಕ್ರೀನಿನ ಮೇಲೆ ಕಟ್ಟಡ ಫಳಫಳ ಹೊಳೆಯುತ್ತಿತ್ತು. ತಾರಸಿಯ ಮಳೆನೀರು ಎಲ್ಲಿಂದ ಇಳಿಯುತ್ತೆ ಮಗಾ ಅಂತ ಕೇಳಿದೆ. ಉತ್ತರ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಯಾರೂ ಕಲಿಸಿಯೇ ಇಲ್ಲ.

ಗೀಚುವ ಕೈ ಮತ್ತು ಕಟ್ಟುವ ಕೈಯನ್ನು ಬೇರೆ ಮಾಡಿದ್ದು ಯಾವಾಗ? ಪಟ್ಟದಕಲ್ಲಿಗೆ ಹೋಗಿ ನೋಡಿ. 8ನೇ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಶಿಲ್ಪಿ, ಸೂತ್ರಧಾರಿ ಗುಂಡನ ಹೆಸರಿದೆ, ಅನಿವಾರಿತಾಚಾರಿ ಎಂಬ ಬಿರುದಿದೆ. ಶಿಲ್ಪಿ ಸರ್ವಸಿದ್ಧಿ ಆಚಾರಿಯನ್ನು ಹೊಗಳಿದ ಶಾಸನವೂ ಅಲ್ಲೇ ಇದೆ. ಸೋಮನಾಥಪುರದ ಗೋಡೆಗಳ ಮೇಲೆ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ತಾನೇ ಕೆತ್ತಿದ್ದಾನೆ. ಈಗ ವಿಧಾನಸೌಧಕ್ಕೆ ಬನ್ನಿ. ಕೆಂಗಲ್ ಹನುಮಂತಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಸ್ವಲ್ಪ ಓದಿಕೊಂಡವರು ಅದರ ಆರ್ಕಿಟೆಕ್ಟ್ ಬಿ.ಆರ್. ಮಾಣಿಕ್ಯಂ ಹೆಸರೂ ಹೇಳುತ್ತಾರೆ. ಅಲ್ಲಿ ಕಲ್ಲು ಕಡಿದವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. 1956ರಲ್ಲಿ ಮುಗಿದ ಕಟ್ಟಡ ಅದು, ನಮ್ಮ ಅಜ್ಜಂದಿರ ಕಾಲದ್ದು!

ನಡುವೆ ಬ್ರಿಟಿಷರ ಪಿಡಬ್ಲ್ಯೂಡಿ, ಅಂದರೆ ಲೋಕೋಪಯೋಗಿ ಇಲಾಖೆ ಬಂತು. ಆಫೀಸಿನಲ್ಲಿ ನಕ್ಷೆ ಬರೆಯುವವರು ಬೇಕಾದರು. ಬಾಂಬೆಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ 1857ರದ್ದು. ಅಲ್ಲಿ ಆರ್ಕಿಟೆಕ್ಚರ್ ಪಾಠ ಶುರುವಾಗಿದ್ದೇ ಡ್ರಾಫ್ಟ್ಸ್‌ಮನ್‌ಗಳನ್ನು ತಯಾರು ಮಾಡುವ ತರಗತಿಯಿಂದ. ಆಮೇಲೆ ಅದು ಡಿಪ್ಲೊಮಾ ಆಯಿತು, ಡಿಗ್ರಿ ಆಯಿತು, ದೇಶದ ತುಂಬ ಕಾಲೇಜುಗಳಾದವು. ಬುಡ ಮಾತ್ರ ಡ್ರಾಯಿಂಗ್ ಬೋರ್ಡೇ. 1972ರಲ್ಲಿ ಆರ್ಕಿಟೆಕ್ಟ್ಸ್ ಕಾಯ್ದೆ ಬಂದು, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಬಹುದು ಅಂತಾಯಿತು. ಬೋರ್ಡ್ ಹಾಕಿಕೊಂಡು ಮೋಸ ಮಾಡುವವರನ್ನು ತಡೆಯೋಕೆ ಅದು ಬೇಕಿತ್ತು, ಸರಿ. ಆದರೆ ಮೇಸ್ತ್ರಿಯ ವಿದ್ಯೆಗೆ ಕಾಲೇಜಿನ ಒಳಗೆ ಒಂದು ಜಾಗ ಮಾಡಿಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಹೊಳೆದವರೂ ಇದ್ದರು. ಜರ್ಮನಿಯ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆ 1919ರಲ್ಲಿ ಶುರುವಾದಾಗ ಒಂದೊಂದು ವರ್ಕ್‌ಶಾಪಿಗೂ ಇಬ್ಬರು ಗುರುಗಳು. ಒಬ್ಬರು ರೂಪ ಕಲಿಸುವ ಕಲಾವಿದರು, ಇನ್ನೊಬ್ಬರು ಕೈಕೆಲಸ ಬಲ್ಲ ಕುಶಲಕರ್ಮಿ. ಅಲ್ಲೂ ಅದು ಜಾಸ್ತಿ ವರ್ಷ ನಡೆಯಲಿಲ್ಲ ಅನ್ನೋದು ಬೇಸರದ ವಿಷಯ. ನಮ್ಮ ಪಕ್ಕದ ಕೇರಳದಲ್ಲಿ ಲಾರಿ ಬೇಕರ್ ಇಂಗ್ಲೆಂಡಿನಲ್ಲಿ ಓದಿ ಬಂದವರು, ಆದರೆ ಸೈಟಿನಲ್ಲಿ ಮೇಸ್ತ್ರಿಗಳ ಪಕ್ಕ ನಿಂತು ಮನೆ ಕಟ್ಟಿದರು. ಆ ಹುಡುಗಿ ಕಟ್ಟಿದ ಟೊಳ್ಳುಗೋಡೆಯನ್ನು ಇಲ್ಲಿ ಜನಪ್ರಿಯ ಮಾಡಿದವರೇ ಅವರು. ಅವರ ಬಗ್ಗೆ ಸೆಮಿನಾರ್ ಮಾಡುತ್ತೇವೆ. ಅದೇ ಗೋಡೆ ಕಟ್ಟಬಲ್ಲವರನ್ನು ಕಾರಿಡಾರಿನಲ್ಲಿ ನಿಲ್ಲಿಸುತ್ತೇವೆ.

ಒಟ್ಟೊ ಕೋನಿಗ್ಸ್‌ಬರ್ಗರ್ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟ ಈ ಮನುಷ್ಯ 1939ರಲ್ಲಿ ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆಗಿ ಬಂದರು. ಇಲ್ಲಿನ ಬಿಸಿಲು, ಮಳೆ, ಗಾಳಿಗೆ ತಕ್ಕ ಹಾಗೆ ಕಟ್ಟೋದನ್ನು ಇಲ್ಲೇ ಕೆಲಸ ಮಾಡುತ್ತಾ ಅರಿತರು. ಮುಂದೆ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸಿದರು. ಆ ಪಾಠ ದಪ್ಪ ಪುಸ್ತಕವಾಗಿ ವಾಪಸ್ ನಮ್ಮ ಕಾಲೇಜುಗಳ ಲೈಬ್ರರಿಗೇ ಬಂತು. ಇಲ್ಲಿ ಸಿಕ್ಕ ತಿಳಿವಳಿಕೆ ಪುಸ್ತಕದಲ್ಲಿದ್ದರೆ ಪಾಠ. ಇಲ್ಲೇ ಹುಟ್ಟಿ ಬೆಳೆದ ಮೇಸ್ತ್ರಿಯ ಬಾಯಲ್ಲಿದ್ದರೆ ಲೆಕ್ಕಕ್ಕೇ ಇಲ್ಲ.

ಗೊತ್ತು, ಕೆಲವರು ಕೇಳುತ್ತೀರಿ. ಹಳೇ ಪದ್ಧತಿಯಲ್ಲಿ ವಿದ್ಯೆ ಒಂದೊಂದು ಕುಲದೊಳಗೇ ಇತ್ತು, ಹೆಣ್ಣುಮಕ್ಕಳ ಕೈಗೆ ಉಳಿ, ಕರಣೆ ಯಾರು ಕೊಡುತ್ತಿದ್ದರು, ಅವಳಿಗೆ ಬಾಗಿಲು ತೆರೆದದ್ದು ಕಾಲೇಜೇ ಅಲ್ವಾ ಅಂತ. ನಿಜ, ಒಪ್ಪುತ್ತೇನೆ. ಆದರೆ ಬಾಗಿಲು ತೆರೆದು, ನಿಮ್ಮಪ್ಪನ ವಿದ್ಯೆ ಹೊರಗಿಟ್ಟು ಬಾ ಅಂದರೆ ಅದೆಂಥ ಸ್ವಾಗತ? ಮೇಸ್ತ್ರಿಗೆ ಲೋಡ್ ಲೆಕ್ಕ, ಅಂದರೆ ಕಟ್ಟಡ ಎಷ್ಟು ಭಾರ ಹೊರುತ್ತೆ ಅನ್ನೋ ಲೆಕ್ಕ ಬರುತ್ತಾ ಅನ್ನೋ ಪ್ರಶ್ನೆಯೂ ಬೇಡ. ಲೆಕ್ಕ ಹಾಕೋಕೆ ಸ್ಟ್ರಕ್ಚರಲ್ ಎಂಜಿನಿಯರ್ ಇದ್ದಾರೆ. ಹುಡುಗರಿಗೆ ಐದು ವರ್ಷದಲ್ಲಿ ಒಂದು ಗೋಡೆ ಎಬ್ಬಿಸಿ, ದಾರದಲ್ಲಿ ತೂಗುಗುಂಡು ಇಳಿಬಿಟ್ಟು ನೋಡಿ, ಓರೆಯಾಗಿದ್ದರೆ ಕೆಡವಿ ಮತ್ತೆ ಕಟ್ಟೋದನ್ನು ಕಲಿಸೋಕೆ ಯಾರಿದ್ದಾರೆ ಹೇಳಿ.

ನಾನು ಈ ವೃತ್ತಿಯನ್ನು ತುಂಬಾ ಪ್ರೀತಿಸುತ್ತೇನೆ. ಸೈಟಿನಲ್ಲಿ ನನಗೆ ಪಾಠ ಹೇಳಿದ ಮೇಸ್ತ್ರಿಗಳನ್ನು ನನ್ನ ಪ್ರೊಫೆಸರ್‌ಗಳಷ್ಟೇ ಗೌರವದಿಂದ ನೆನೆಯುತ್ತೇನೆ. ಈ ಮಾತನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ, ಇವತ್ತು ಬರೆಯಬೇಕು ಅನ್ನಿಸಿತು.

ಇದನ್ನು ಓದುತ್ತಿರುವವರಲ್ಲಿ, ಪಠ್ಯಕ್ರಮ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಇರುವವರಿದ್ದೀರಿ, ಎಚ್‌ಒಡಿಗಳಿದ್ದೀರಿ. ಮುಂದಿನ ಮೀಟಿಂಗಿನಲ್ಲಿ ಇದನ್ನು ಎತ್ತಿ. ಕನ್‌ಸ್ಟ್ರಕ್ಷನ್ ಸ್ಟುಡಿಯೋಗೆ ಸೆಮಿಸ್ಟರ್‌ಗೆ ಒಬ್ಬ ಮೇಸ್ತ್ರಿಯನ್ನು ನೇಮಿಸಿ. ಗೆಸ್ಟ್ ಲೆಕ್ಚರರ್‌ಗೆ ಕೊಡುವಷ್ಟೇ ಸಂಬಳ ಕೊಡಿ. ಜ್ಯೂರಿಯಲ್ಲಿ ಕೂರಿಸಿ, ಮಾರ್ಕ್ಸ್ ಹಾಕುವ ಅಧಿಕಾರವನ್ನೂ ಕೊಡಿ. ಡಿಗ್ರಿ ಇಲ್ಲದವರನ್ನು ತೆಗೆದುಕೊಳ್ಳಲು ನಿಯಮ ಬಿಡಲ್ಲ ಅನ್ನುವುದಾದರೆ ಆ ನಿಯಮ ಬದಲಿಸಿ ಅಂತ ಕೌನ್ಸಿಲ್‌ಗೆ ಪತ್ರ ಬರೆಯೋಣ, ಮೊದಲ ಸಹಿ ನನ್ನದು. ಒಳ್ಳೆ ಮೇಸ್ತ್ರಿಗಳು ಎಲ್ಲಿ ಸಿಗುತ್ತಾರೆ ಅಂತ ಕೇಳುವವರು ಇನ್‌ಬಾಕ್ಸಿಗೆ ಬನ್ನಿ, ನಾನೇ ಕರೆದುಕೊಂಡು ಬರುತ್ತೇನೆ.