ಕೊಡಗಿಗೆ ನಾಯಿ ಕರ್ಕೊಂಡು ಬರೋರೇ, ಮೊದ್ಲು ಬೇಲಿ ಇದ್ಯಾ ಕೇಳಿ

ರಜೆ ಬಂತು ಅಂದ್ರೆ ಬೆಂಗಳೂರು ಮೈಸೂರಿನ ಸ್ನೇಹಿತರು, ನೆಂಟರು ಎಲ್ಲರೂ ಕೇಳೋದು ಒಂದೇ. ಅಕ್ಕ, ಈ ಸಲ ನಾಯೀನೂ ಕರ್ಕೊಂಡು ಬರ್ತಾ ಇದೀವಿ, ಮಡಿಕೇರಿ ಕಡೆ ಡಾಗ್ ಪಾರ್ಕ್ ಇದ್ಯಾ, ಎಲ್ಲಿ ಬಿಡಬಹುದು ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದ್ಲು ಎಲ್ಲ ಇಲ್ಲೇ ಬರೀತೀನಿ, ಉದ್ದ ಇದೆ, ನಾಯಿ ಇರೋರು ದಯವಿಟ್ಟು ಪೂರ್ತಿ ಓದಿ.

ಪಂಚಾಯ್ತಿದೋ ನಗರಸಭೆದೋ ಅಂತ ಒಂದೇ ಒಂದು ಡಾಗ್ ಪಾರ್ಕನ್ನ ನಮ್ಮ ಜಿಲ್ಲೇಲಿ ನಾನು ನೋಡಿಲ್ಲ. ಇದನ್ನ ಹೇಳಿದ ತಕ್ಷಣ ಬರೋ ಉತ್ತರ, ಅಯ್ಯೋ ಅಷ್ಟೊಂದು ಎಸ್ಟೇಟ್ ಇದ್ಯಲ್ಲ ಅಕ್ಕ, ಪಾರ್ಕ್ ಯಾಕೆ, ತೋಟದಲ್ಲೇ ಬಿಟ್ರೆ ಆಯ್ತು. ನಂಗೆ ಹೊಟ್ಟೆ ತಳಮಳ ಆಗೋದೇ ಈ ಮಾತಿಗೆ. ಡಾಗ್ ಪಾರ್ಕಲ್ಲಿ ಮುಖ್ಯ ಬೇಲಿ, ಹುಲ್ಲು ಮರ ಎಲ್ಲ ಆಮೇಲೆ. ಸುತ್ತ ಬೇಲಿ, ಒಂದು ಗೇಟ್ ಹಾಕಿದ ಮೇಲೇನೇ ಇನ್ನೊಂದು ತೆಗೆಯೋ ಹಾಗೆ ಎರಡು ಗೇಟು, ಚಿಕ್ಕ ನಾಯಿಗೆ ಬೇರೆ ಜಾಗ, ಕುಡಿಯೋ ನೀರು, ನೆರಳು. 1979ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓಲೋನಿ ಡಾಗ್ ಪಾರ್ಕ್ ಶುರು ಮಾಡಿದೋರು ಯೋಚ್ನೆ ಮಾಡಿದ್ದೂ ಇದನ್ನೇ, ನಾಯಿ ಹಗ್ಗ ಇಲ್ದೆ ಓಡಬೇಕು ಆದ್ರೆ ಆಚೆ ಹೋಗಬಾರ್ದು. ನಮ್ಮ ಪಕ್ಕದ ಹೈದರಾಬಾದಲ್ಲೂ 2018ರಲ್ಲಿ ಕೊಂಡಾಪುರದ ಹತ್ರ ಕಸ ಸುರೀತಿದ್ದ ಜಾಗಾನ ಕ್ಲೀನ್ ಮಾಡಿ ನಾಯಿಗಳಿಗೆ ಅಂತಾನೇ ಪಾರ್ಕ್ ಮಾಡಿದ್ರು, ಎಲ್ಲ ಸೇರಿ ಒಂದೂ ಕಾಲು ಎಕರೆ ಚಿಲ್ಲರೆ ಅಷ್ಟೆ. ಬೇಲಿ ಸರಿ ಇದ್ರೆ ಅಷ್ಟು ಜಾಗ ಧಾರಾಳ ಸಾಕು.

ಈಗ ತೋಟಕ್ಕೆ ಬನ್ನಿ. ಹೊರಗಿಂದ ನೋಡೋಕೆ ಸಿಲ್ವರ್ ಮರ, ಮೆಣಸಿನ ಬಳ್ಳಿ, ತಣ್ಣಗೆ ನೆರಳು, ಫೋಟೋ ಚೆನ್ನಾಗಿ ಬರುತ್ತೆ ನಿಜ. ಆದ್ರೆ ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ, ಸುಂಟಿಕೊಪ್ಪ ಕಡೆ ತೋಟದಲ್ಲಿ ಆನೆ ಹಗಲೊತ್ತೂ ನಿಂತಿರುತ್ತೆ, ಕಾಫಿ ಗಿಡದ ಮಧ್ಯೆ ಹತ್ತು ಹೆಜ್ಜೆ ದೂರದಲ್ಲಿದ್ರೂ ಕಾಣಲ್ಲ, ಕೆಲಸಕ್ಕೆ ಹೋಗೋ ನಮ್ಮ ಜನಾನೇ ತೋಟದ ಕೆಲಸ ನೋಡ್ಕೊಳ್ಳೋ ರೈಟರ್‌ನ ಕೇಳಿಕೊಂಡು ಇವತ್ತು ಯಾವ ಕಡೆ ಆನೆ ಇದೆ ಅಂತ ತಿಳ್ಕೊಂಡು ಇಳೀತಾರೆ. ಸಿಟಿ ನಾಯಿ ಆನೆ ನೋಡಿದ್ರೆ ಏನ್ಮಾಡುತ್ತೆ, ಬೊಗಳುತ್ತೆ, ಆನೆ ಅಟ್ಟಿಸ್ಕೊಂಡು ಬರುತ್ತೆ, ನಾಯಿ ಸೀದಾ ಓಡಿ ಬರೋದು ಯಜಮಾನನ ಕಾಲಡಿಗೆ. ಹಿಂದೆ ಆನೆ. ಇದಕ್ಕಿಂತ ಬಿಡಿಸಿ ಹೇಳೋಕೆ ನಂಗೆ ಇಷ್ಟ ಇಲ್ಲ.

ಆನೆ ಬಿಟ್ರೆ ಚಿರತೆ, ಅದಕ್ಕೆ ನಾಯಿ ಅಂದ್ರೆ ಸುಲಭದ ಊಟ, ಕತ್ತಲಾದ್ಮೇಲೆ ನಮ್ಮ ಮನೆ ನಾಯಿಗಳನ್ನೇ ನಾವು ಹೊರಗೆ ಬಿಡಲ್ಲ. ಹಂದಿಗೆ ಅಂತ ಕದ್ದು ಇಡೋ ಉರುಳು ಇರುತ್ತೆ. ಆನೆ ತಡೆಯೋಕೆ ತೋಡಿದ ಕಂದಕ ಇರುತ್ತೆ, ನಾಯಿ ಬಿದ್ರೆ ತಾನಾಗೇ ಹತ್ತಿ ಬರೋಕಾಗಲ್ಲ. ಸೋಲಾರ್ ಬೇಲಿ ತಗುಲಿದ್ರೆ ಸಾಯದೇ ಇರಬಹುದು, ಆದ್ರೆ ಹೆದರಿ ದಿಕ್ಕು ತಪ್ಪಿ ಓಡಿದ ನಾಯೀನ ಗೊತ್ತಿಲ್ಲದ ತೋಟದಲ್ಲಿ ಎಲ್ಲಿ ಅಂತ ಹುಡುಕ್ತೀರಾ? ಮಳೆಗೆ ಮುಂಚೆ ಗಿಡಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೀತಾರೆ, ಅಂದ್ರೆ ಮೈಲುತುತ್ತ ಮತ್ತೆ ಸುಣ್ಣ, ಕಾಲಿಗೆ ಮೈಗೆ ಅಂಟಿದ್ದನ್ನ ನಾಯಿ ನೆಕ್ಕಿದ್ರೆ ವಾಂತಿ ಆಗಬಹುದು. ಕುಯ್ಲಿನ ಟೈಮಲ್ಲಿ ಕೆಳಗೆ ಬಿದ್ದ ಕಾಫಿ ಹಣ್ಣು ಸಿಹಿ ಇರುತ್ತೆ ಅಂತ ಕೆಲವು ನಾಯಿ ತಿಂತಾವೆ, ಕೆಫೀನ್ ನಾಯಿಗೆ ವಿಷ, ಎದೆ ಬಡಿತ ಏರಿ ಫಿಟ್ಸ್ ಬರೋವರೆಗೂ ಹೋಗಬಹುದು. ಕಾಫಿ ಒಣಗಿಸೋ ಕಣದ ಮೇಲಂತೂ ಬಿಡ್ಲೇಬೇಡಿ, ಅದು ಒಬ್ಬರ ವರ್ಷದ ದುಡಿಮೆ.

ಕಾಡಿಗೆ ನಾಯಿ ತರೋ ಮಾತೇ ಬೇಡ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಎಲ್ಲ ರಕ್ಷಿತ ಕಾಡು. ಬರೀ ರೂಲ್ಸ್ ವಿಷಯ ಅಂತ ಹೇಳ್ತಿಲ್ಲ ನಾನು, 2018ರಲ್ಲಿ ಗುಜರಾತಿನ ಗಿರ್ ಕಾಡಲ್ಲಿ ಕೆಲವೇ ವಾರದಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಕೆನೈನ್ ಡಿಸ್ಟೆಂಪರ್ ವೈರಸ್ ಇರೋದು ಗೊತ್ತಾಯ್ತು, ಅದು ನಾಯಿಗಳಲ್ಲಿ ಬರೋ ಕಾಯಿಲೆ. ನಮ್ಮ ಕಾಡಲ್ಲಿ ಹುಲಿ ಇದೆ, ಸೀಳುನಾಯಿ ಇದೆ, ಅವಕ್ಕೂ ಹತ್ತಬಹುದು. ಹುಣಸೂರಿಂದ ಗೋಣಿಕೊಪ್ಪಕ್ಕೆ ಬರೋ ದಾರೀಲಿ ಆನೆಚೌಕೂರು ದಾಟಿದ ಮೇಲೆ ತಿತಿಮತಿ ತನಕ ಕಾಡು, ಅಲ್ಲಿ ಕಾರ್ ನಿಲ್ಲಿಸಿ ನಾಯಿಗೆ ಉಚ್ಚೆ ಮಾಡಿಸ್ತಾ ನಿಲ್ಲೋರನ್ನ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಹುಣಸೂರಲ್ಲೇ ಮುಗಿಸ್ಕೊಳ್ಳಿ. ಕುಶಾಲನಗರದ ದಾರಿಯಾದ್ರೆ ಪಿರಿಯಾಪಟ್ಟಣದ ಹತ್ರ ಒಂದು ಸ್ಟಾಪ್ ಕೊಡಿ.

ಹಾಗಾದ್ರೆ ಎಲ್ಲಿ ಬಿಡೋದು ಅಂತೀರಾ. ನನ್ನ ಪ್ರಕಾರ ಮೊದಲ ಆಯ್ಕೆ ಬೇಲಿ ಇರೋ ಹೋಂಸ್ಟೇ, ಪೆಟ್ ಫ್ರೆಂಡ್ಲಿ ಅನ್ನೋ ಬೋರ್ಡ್ ನಂಬ್ಕೊಂಡು ಬುಕ್ ಮಾಡಬೇಡಿ, ರೂಮಿನೊಳಗೆ ನಾಯಿ ಬಿಟ್ಕೋತೀವಿ ಅನ್ನೋದಷ್ಟೇ ಅದರ ಅರ್ಥ ಆಗಿರಬಹುದು. ಫೋನ್ ಮಾಡಿ ಕೇಳಿ, ಅಂಗಳಕ್ಕೆ ಸುತ್ತ ಬೇಲಿ ಇದ್ಯಾ, ಕೆಳಗೆ ಸಂದಿ ಇದ್ಯಾ, ರಾತ್ರಿ ಗೇಟ್ ಹಾಕ್ತೀರಾ, ನಿಮ್ಮನೇಲಿ ಎಷ್ಟು ನಾಯಿ ಇವೆ, ಅವನ್ನ ಕಟ್ತೀರಾ. ಬೇಲಿ ಇರೋರು ಖುಷಿಯಾಗಿ ವಿಡಿಯೋ ಕಳಿಸ್ತಾರೆ. ಮನೆ ನಾಯಿಗಳ ಜೊತೆ ಪರಿಚಯ ಗೇಟಿನ ಹೊರಗೆ ರಸ್ತೇಲಿ, ಎರಡೂ ಕಡೆ ಹಗ್ಗ ಹಿಡ್ಕೊಂಡು ನಿಧಾನಕ್ಕೆ ಮಾಡಿಸಿ, ಅವುಗಳ ಅಂಗಳಕ್ಕೆ ಸೀದಾ ನುಗ್ಗಿಸಿದ್ರೆ ಜಗಳ ಆಗೇ ಆಗುತ್ತೆ.

ಎರಡನೇದು ಊರ ಮೈದಾನ. ಕೊಡಗಲ್ಲಿ ಹಾಕಿ ಹುಚ್ಚು ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು, 1997ರಿಂದ ಕೊಡವ ಮನೆತನಗಳು ತಂಡ ಕಟ್ಕೊಂಡು ಆಡೋ ಕೌಟುಂಬಿಕ ಹಾಕಿ ನಡೀತಾ ಇದೆ, ಊರೂರಲ್ಲಿ ಒಳ್ಳೊಳ್ಳೆ ಮೈದಾನ ಇವೆ. ಬೆಳಗ್ಗೆ ಬೇಗ, ಮಕ್ಕಳು ಆಡೋಕೆ ಬರೋ ಮುಂಚೆ, ಅಲ್ಲಿನೋರನ್ನ ಕೇಳಿ, ಉದ್ದದ ಹಗ್ಗ ಕಟ್ಟಿ ಓಡಾಡಿಸಿ. ಮೂರು ನಾಲ್ಕು ಆಳುದ್ದ ಹಗ್ಗ ಇದ್ರೆ ನಾಯಿಗೆ ಬಿಟ್ಟಂಗೇ ಅನ್ಸುತ್ತೆ, ನಿಮ್ಮ ಕೈಯಲ್ಲೂ ಇರುತ್ತೆ. ಕುಯ್ಲು ಮುಗಿದ ಗದ್ದೆ ಕೂಡ ಚೆನ್ನಾಗಿರುತ್ತೆ, ಜನವರಿ ಕೊನೆ ಆದ್ಮೇಲೆ ಬಯಲು ಬಯಲು, ದೂರದವರೆಗೂ ಕಣ್ಣಿಗೆ ಕಾಣುತ್ತೆ, ಆದ್ರೆ ಗದ್ದೆಯವರ ಹತ್ರ ಕೇಳ್ಕೊಂಡು ಹೋಗಿ, ದನ ಮೇಯ್ತಾ ಇದ್ರೆ ಇಳೀಲೇಬೇಡಿ.

ಮಳೆಗಾಲದಲ್ಲಿ ಬರೋದಾದ್ರೆ ಜಿಗಣೆ. ಕಾಲಿಗೆ ಹತ್ತೋದು ಉಪ್ಪು ಹಾಕಿದ್ರೆ ಬಿಡುತ್ತೆ, ತೊಂದ್ರೆ ಕೊಡೋದು ಮೂಗೊಳಗೆ ಹೋಗೋದು, ತೋಡಿನ ನೀರು ಕುಡಿಯೋವಾಗ ಹತ್ಕೊಳ್ಳುತ್ತೆ. ಊರಿಗೆ ಹೋದ್ಮೇಲೆ ನಾಯಿ ಸುಮ್ ಸುಮ್ನೆ ಸೀನ್ತಾ ಇದ್ರೆ, ಮೂಗಲ್ಲಿ ರಕ್ತ ಬಂದ್ರೆ ಡಾಕ್ಟರಿಗೆ ಕೊಡಗಿಗೆ ಹೋಗಿದ್ವಿ ಅಂತ ಮರೀದೇ ಹೇಳಿ. ರಕ್ತ ಹೀರೋ ಉಣ್ಣೆ ಹುಳ ವರ್ಷಪೂರ್ತಿ ಇರುತ್ತೆ, ಕಿವಿ ಹಿಂದೆ, ಬೆರಳ ಸಂದೀಲಿ ದಿನಾ ರಾತ್ರಿ ನೋಡಿ, ಬರೋಕೆ ಮುಂಚೆ ಉಣ್ಣೆ ಔಷಧಿ ಹಾಕಿಸಿ. ರೇಬೀಸ್, ಡಿಸ್ಟೆಂಪರ್, ಇಲಿಜ್ವರದ ಲಸಿಕೆ ಆಗಿರೋ ಕಾರ್ಡ್ ಕಾರಲ್ಲಿ ಇರಲಿ.

ಕಕ್ಕ ಎತ್ತೋ ವಿಷಯ. 2022ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಲ್ಲಿ ನಾಯಿಗಳನ್ನೇ ನಿಷೇಧ ಮಾಡೋಕೆ ಹೊರಟಿದ್ರು, ಆಮೇಲೆ ಜನ ವಿರೋಧ ಮಾಡಿದ್ಮೇಲೆ ನಿಂತಿತು. ಕಾರಣ ಕೊಟ್ಟಿದ್ದು ಹಗ್ಗ ಬಿಚ್ಚಿ ಬಿಡ್ತಾರೆ, ಗಲೀಜು ಎತ್ತಲ್ಲ ಅಂತ. ನಮ್ಮೂರ ಮೈದಾನದಲ್ಲಿ ಒಬ್ಬರು ಎತ್ತದೇ ಹೋದ್ರೂ ಮುಂದಿನ ಸಲ ಬರೋ ಹತ್ತು ನಾಯಿಗೆ ಗೇಟ್ ಮುಚ್ಚುತ್ತೆ, ಮತ್ತೆ ಆ ಮೈದಾನದಲ್ಲಿ ಬಿದ್ದು ಎದ್ದು ಆಡೋದು ನಮ್ಮ ಮಕ್ಕಳು.

ನಮ್ಮ ಜಿಲ್ಲೆಯೋರಿಗೂ ಒಂದು ಮಾತು. ವಾರಾವಾರ ಇಷ್ಟು ನಾಯಿಗಳು ಬರ್ತಾ ಇವೆ, ಇನ್ನು ಕಮ್ಮಿ ಆಗಲ್ಲ. ಕುಶಾಲನಗರದಲ್ಲೋ ಮಡಿಕೇರೀಲೋ ಊರಿಗೆ ಹತ್ರ, ಕಾಡಿಗೆ ದೂರ ಇರೋ ಅರ್ಧ ಎಕರೆಗೆ ಮೆಶ್ ಬೇಲಿ, ಎರಡು ಗೇಟು, ಒಂದು ನಲ್ಲಿ, ಒಂದು ಕಸದ ಡಬ್ಬ ಇಟ್ಟು ಟಿಕೆಟ್ ಮಾಡಿದ್ರೆ ಬರೋರು ಖುಷಿಯಾಗಿ ಕೊಡ್ತಾರೆ, ಪಕ್ಕದಲ್ಲಿ ಟೀ ಅಂಗಡಿ ಇಟ್ಟೋರಿಗೂ ವ್ಯಾಪಾರ ಆಗುತ್ತೆ. ತೋಟದೋರು ನಾಲ್ಕೈದು ಜನ ಸೇರಿ ಮಾಡಿದ್ರೂ ಸರಿ, ಪಂಚಾಯ್ತಿ ಮಾಡಿದ್ರೂ ಸರಿ, ಸುಣ್ಣ ಬಳಿಯೋ ಕೆಲಸಕ್ಕೆ ನಾನು ಬರ್ತೀನಿ. ಅಲ್ಲಿವರೆಗೆ ಬೇಲಿ ಗಟ್ಟಿ ಇರೋ ಹೋಂಸ್ಟೇ, ಬೆಳಗ್ಗೆ ನಾಯಿ ಬಿಟ್ಕೊಳ್ಳೋ ಮೈದಾನ ನಿಮ್ಮೂರಲ್ಲಿದ್ರೆ ತಿಳಿಸಿ, ಗೋಣಿಕೊಪ್ಪ ಮತ್ತೆ ಸೋಮವಾರಪೇಟೆ ಕಡೆಯದ್ದು ಮುಖ್ಯವಾಗಿ ಬೇಕು, ಕೇಳೋರು ಜಾಸ್ತಿ ಆ ಕಡೆಗೇ ಬರ್ತಿದಾರೆ.