ಮೇಡೇ ಎನ್ನಲು ಏಕಿಷ್ಟು ಸಂಕೋಚ?

ಹವ್ಯಾಸಕ್ಕಾಗಿ ಸಣ್ಣ ವಿಮಾನ ಹಾರಿಸುವವರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಇತ್ತೀಚೆಗೆ ಒಬ್ಬರು ತಮ್ಮ ಸಾಹಸವನ್ನು ಹಂಚಿಕೊಂಡರು. ಒಂಟಿ ಎಂಜಿನ್‌ನ ವಿಮಾನ, ಜೊತೆಯಲ್ಲಿ ಹೆಂಡತಿ ಮತ್ತು ಮಗು. ಗುಡ್ಡಗಳ ಮೇಲೆ ಹಾರುತ್ತಿರುವಾಗ ಎಂಜಿನ್ ಆಯಿಲ್‌ನ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಕೆಳಗಿಳಿಯತೊಡಗಿತಂತೆ. ದಾರಿಯಲ್ಲಿ ಎರಡು ರನ್‌ವೇಗಳು ಸಿಕ್ಕರೂ ಅಲ್ಲಿ ಇಳಿಯದೆ, ತಮ್ಮ ಮಾಮೂಲಿ ನಿಲ್ದಾಣಕ್ಕೇ ಬಂದು, ಸರದಿಯಲ್ಲಿ ಮೂರನೆಯವರಾಗಿ ಕಾದು ಇಳಿಸಿದರಂತೆ. “ಯಾರಿಗೂ ತೊಂದರೆ ಕೊಡಲಿಲ್ಲ, ಟವರ್‌ನವರಿಗೆ ಗೊತ್ತೂ ಆಗಲಿಲ್ಲ” ಎಂಬುದು ಅವರ ಬರಹದ ಕೊನೆಯ ಸಾಲು. ಅದರ ಕೆಳಗೆ ಚಪ್ಪಾಳೆಗಳೇ ಚಪ್ಪಾಳೆಗಳು. “ಗಟ್ಟಿ ಗುಂಡಿಗೆ ಸರ್ ನಿಮ್ಮದು” ಎಂದು ಒಬ್ಬರು ಬರೆದಿದ್ದರು.

ನನಗೆ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ. ಆಯಿಲ್ ಒತ್ತಡ ನಿಜವಾಗಿಯೂ ಹೋಗಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಬಿಗಿದುಕೊಂಡು ನಿಂತುಬಿಡುತ್ತದೆ. ಆಗ ಸರದಿಯೂ ಇಲ್ಲ, ಮಾಮೂಲಿ ನಿಲ್ದಾಣವೂ ಇಲ್ಲ. ಮುಳ್ಳೇ ಕೆಟ್ಟಿದ್ದಿರಬಹುದು, ಅವರ ಅದೃಷ್ಟಕ್ಕೆ ಹಾಗೆಯೇ ಇತ್ತಂತೆ. ಆದರೆ ಮೇಲಿರುವಾಗ ಅವರಿಗೆ ಅದು ಗೊತ್ತಿರಲಿಲ್ಲವಲ್ಲ! ಗೊತ್ತಿಲ್ಲದ ಹೊತ್ತಿನಲ್ಲಿ ರೇಡಿಯೊದ ಗುಂಡಿ ಒತ್ತಿ ಮೇಡೇ (ಅಪಾಯದಲ್ಲಿದ್ದೇವೆ, ನೆರವು ಬೇಕು ಎಂಬ ತುರ್ತು ಕರೆ) ಎಂದು ಒಂದು ಮಾತು ಹೇಳಿದ್ದರೆ ಮುಂದಿನ ಇಬ್ಬರನ್ನು ಪಕ್ಕಕ್ಕೆ ಸರಿಸಿ ಇವರನ್ನು ಮೊದಲು ಇಳಿಸುತ್ತಿದ್ದರು. ಹೇಳದೇ ಇದ್ದುದನ್ನು ನಾವು ಶೌರ್ಯವೆಂದು ಕೊಂಡಾಡುತ್ತಿದ್ದೇವೆ.

ಇದು ನಾವು ಊರಿನಿಂದಲೇ ಹೊತ್ತು ತಂದ ಗುಣ ಎಂದು ನನಗೆ ಎಷ್ಟೋ ಸಲ ಅನಿಸಿದೆ. ನಡುರಾತ್ರಿ ಎದೆ ನೋಯುತ್ತಿದ್ದರೂ ಗ್ಯಾಸ್ ಇರಬೇಕು ಎಂದು ಓಂಕಾಳು ಅಗಿದು, ಪಕ್ಕದ ಮನೆಯವರ ನಿದ್ದೆ ಏಕೆ ಕೆಡಿಸುವುದು ಎಂದು ಬೆಳಕು ಹರಿಯುವವರೆಗೆ ಕಾಯುವ ಜನ ನಾವು. ಹಾಗೆಂದು ಇದು ನಮ್ಮೊಬ್ಬರ ರೋಗವಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನಗಿಂತ ಎಷ್ಟೋ ಹಿರಿಯರಾದ ಅಮೆರಿಕನ್ ಪೈಲಟ್‌ಗಳೂ ಇದೇ ಸಂಕೋಚದಲ್ಲಿ ಒದ್ದಾಡುತ್ತಾರೆ. ನಾವು ಅದಕ್ಕೆ ಸೌಜನ್ಯವೆಂಬ ಹೆಸರು ಕೊಡುತ್ತೇವೆ, ಅವರು ಗಂಡಸುತನವೆಂಬ ಹೆಸರು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ನನ್ನದೇ ಒಂದು ಸಂದರ್ಭ ಹೇಳುತ್ತೇನೆ. ನಾನು ಹಾರಿಸುವುದು ಸ್ಯಾನ್ ಹೊಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ, ಬಾಡಿಗೆಗೆ ಪಡೆದ ಹಳೆಯ ಸೆಸ್ನಾ 172. ಊರಿನಿಂದ ಬಂದಿದ್ದ ನನ್ನ ಬಾಮೈದನನ್ನು ಕೂರಿಸಿಕೊಂಡು ಸೆಂಟ್ರಲ್ ವ್ಯಾಲಿಯ ಕಡೆಗೆ ಹೋಗಿ, ಪಚೇಕೊ ಕಣಿವೆಯ ಮೇಲೆ 6,500 ಅಡಿ ಎತ್ತರದಲ್ಲಿ ಹಿಂದಿರುಗುತ್ತಿದ್ದೆ. ಬೆನ್ನ ಹಿಂದೆ ಸ್ಯಾನ್ ಲೂಯಿಸ್ ಜಲಾಶಯ, ಕೆಳಗೆ ಒಣಹುಲ್ಲಿನ ಕಂದು ಗುಡ್ಡಗಳು. ಇದ್ದಕ್ಕಿದ್ದಂತೆ ವಿಮಾನ ಮೈ ಕೊಡವಿದಂತಾಯಿತು. ದಿಕ್ಸೂಚಿಯೊಳಗಿನ ದ್ರವ ತುಳುಕಾಡಿತು, ಹೆಡ್‌ಸೆಟ್‌ನ ತಂತಿ ಮೊಣಕಾಲಿಗೆ ಪಟಪಟ ಬಡಿಯತೊಡಗಿತು, 2,400ರಲ್ಲಿದ್ದ ಆರ್‌ಪಿಎಂ ಮುಳ್ಳು 2,000ಕ್ಕಿಂತ ಕೆಳಗೆ ಬಂದು ಅಲ್ಲೇ ನಡುಗುತ್ತಾ ನಿಂತಿತು. “ಭಾವ, ಇದು ಹೀಗೆಯೇ ಅಲುಗಾಡುತ್ತದೆಯೇ?” ಎಂದು ಬಾಮೈದ ಬಹಳ ಮರ್ಯಾದೆಯಿಂದ ಕೇಳಿದ.

ಮೊದಲು ಮೂತಿಯನ್ನು ಹಾಲಿಸ್ಟರ್ ಕಡೆಗೆ ತಿರುಗಿಸಿದೆ. ಎಡಗಡೆ ಅದೇ ಹತ್ತಿರದ ಒಳ್ಳೆಯ ರನ್‌ವೇ. ಎಂಜಿನ್ ನಿಂತರೂ ಆದಷ್ಟು ದೂರ ತೇಲಬಲ್ಲ ವೇಗಕ್ಕೆ ವಿಮಾನವನ್ನು ತಂದೆ. ಆಮೇಲೆ ಕೈಗಳು ಕಲಿತದ್ದನ್ನು ಮಾಡಿದವು. ಕಾರ್ಬ್ಯುರೇಟರ್‌ನಲ್ಲಿ ಮಂಜುಗಟ್ಟಿದೆಯೇ ಎಂದು ಬಿಸಿಗಾಳಿಯ ಹಿಡಿಕೆ ಎಳೆದೆ, ಬದಲಾವಣೆಯಿಲ್ಲ. ಇಂಧನದ ಕೀಲಿ ಎರಡೂ ಟ್ಯಾಂಕ್‌ಗಳ ಕಡೆಗಿತ್ತು, ಇಂಧನ-ಗಾಳಿ ಮಿಶ್ರಣದ ಹಿಡಿಕೆ ಪೂರ್ತಿ ಒಳಗಿತ್ತು, ಎಂಜಿನ್ ಶುರು ಮಾಡುವಾಗ ಇಂಧನ ಚಿಮ್ಮಿಸುವ ಕೈಪಂಪು, ಪ್ರೈಮರ್, ಬಿಗಿಯಾಗಿತ್ತು. (ಪ್ರೈಮರ್ ಸಡಿಲವಾಗಿದ್ದರೂ ಎಂಜಿನ್ ಹೀಗೆ ಕೆಮ್ಮುತ್ತದೆ, ಬಹಳ ಮಂದಿ ಅದನ್ನು ನೋಡುವುದೇ ಇಲ್ಲ.) ಎಂಜಿನ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳ ಕೀಲಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿದೆ. ಎರಡರಲ್ಲೂ ಅದೇ ನಡುಕ. ಎಂಜಿನ್ ಪೂರ್ತಿ ನಿಂತರೆ ಸೆಸ್ನಾ 172 ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಲೆಕ್ಕ ಹಾಕಿದರೆ ಹಾಲಿಸ್ಟರ್ ಅದರಾಚೆಗಿತ್ತು. ಅರ್ಧ ಸತ್ತ ಎಂಜಿನ್ ಇನ್ನು ಸ್ವಲ್ಪ ಹೊತ್ತು ದುಡಿದರೆ ಮಾತ್ರ ತಲುಪುತ್ತಿದ್ದೆವು.

ರೇಡಿಯೊದಲ್ಲಿ ಅದಾಗಲೇ ಆ ಭಾಗದ ವಿಮಾನ ಸಂಚಾರ ನಿಯಂತ್ರಿಸುವ ನಾರ್ದರ್ನ್ ಕ್ಯಾಲಿಫೋರ್ನಿಯಾ ಅಪ್ರೋಚ್‌ನವರ ಜೊತೆ ಸಂಪರ್ಕದಲ್ಲಿದ್ದೆ. ಮೂರು ಸಲ ಮೇಡೇ ಎಂದು, ವಿಮಾನದ ಗುರುತು, ಎಂಜಿನ್ ಶಕ್ತಿ ಕುಗ್ಗಿರುವುದು, ಹಾಲಿಸ್ಟರ್‌ಗೆ ಹೋಗುತ್ತಿರುವುದು, ಇಷ್ಟನ್ನು ಹೇಳಿದೆ. ಆ ಕಡೆಯ ಹೆಣ್ಣುಮಗಳ ದನಿ ಒಂದಿಷ್ಟೂ ಏರಲಿಲ್ಲ. ರನ್‌ವೇ ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆ, ಅಲ್ಲಿನ ಗಾಳಿ ಹೇಗಿದೆ ಎಂದು ತಿಳಿಸಿ, ಎರಡೇ ಪ್ರಶ್ನೆ ಕೇಳಿದರು: ಎಷ್ಟು ಜನರಿದ್ದೀರಿ, ಎಷ್ಟು ಹೊತ್ತಿನ ಇಂಧನವಿದೆ? ಮೊದಲನೆಯದು, ಬಿದ್ದರೆ ಎಷ್ಟು ಜನರನ್ನು ಹುಡುಕಬೇಕು ಎಂಬುದಕ್ಕೆ. ಎರಡನೆಯದು, ಎಷ್ಟು ಹೊತ್ತು ಹಾರಬಲ್ಲಿರಿ, ಹೊತ್ತಿಕೊಂಡರೆ ಬೆಂಕಿ ಎಷ್ಟು ದೊಡ್ಡದು ಎಂಬುದಕ್ಕೆ. ಪುಸ್ತಕದಲ್ಲಿ ಓದಿದಾಗ ಇದು ಒಣ ನಿಯಮದಂತಿತ್ತು. ಪಕ್ಕದಲ್ಲಿ ಹೆಂಡತಿಯ ತಮ್ಮ ಕುಳಿತಿರುವಾಗ “ಇಬ್ಬರು” ಎಂದು ಹೇಳುವುದು ಬೇರೆಯೇ.

ಇಳಿದೆವು. ರನ್‌ವೇಯ ಬದಿಯಲ್ಲಿ ಅಗ್ನಿಶಾಮಕ ವಾಹನ ಕಾದಿತ್ತು. ಒಂದು ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ಸಿಕ್ಕಿಹಾಕಿಕೊಂಡಿತ್ತು ಎಂದು ಮೆಕ್ಯಾನಿಕ್ ಆಮೇಲೆ ಹೇಳಿದರು.

ಈಗ ಎಲ್ಲರೂ ಹೆದರುವ ಆ ಕಾಗದಪತ್ರದ ಭೂತಕ್ಕೆ ಬರೋಣ. ತುರ್ತು ಸ್ಥಿತಿ ಘೋಷಿಸಿದರೆ ಲೈಸೆನ್ಸ್ ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ಪುಟಗಟ್ಟಲೆ ಬರೆಯಬೇಕು ಎಂಬ ಕಥೆ ಕೇಳದ ಪೈಲಟ್ ಇಲ್ಲ. ಅಮೆರಿಕದ ನಿಯಮಾವಳಿಯ 91.3ನೇ ಕಲಮನ್ನು ತೆರೆದು ನೋಡಿ, ಅರ್ಧ ಪುಟವೂ ಇಲ್ಲ. ವಿಮಾನದ ಹೊಣೆಯೂ ಅಂತಿಮ ಅಧಿಕಾರವೂ ಪೈಲಟ್‌ನದು. ತಕ್ಷಣ ಏನಾದರೂ ಮಾಡಲೇಬೇಕಾದ ತುರ್ತಿನಲ್ಲಿ ಆತ ಅಗತ್ಯವಿರುವಷ್ಟರ ಮಟ್ಟಿಗೆ ಯಾವುದೇ ಹಾರಾಟ ನಿಯಮವನ್ನು ಮೀರಬಹುದು. ಮೀರಿದ್ದಕ್ಕೆ ಲಿಖಿತ ವರದಿ ಕೊಡಬೇಕಾದುದು ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎ ಕೇಳಿದರೆ ಮಾತ್ರ. ನಿಯಮ ಮೀರದೆ ಬರೀ ಆದ್ಯತೆ ಪಡೆದಿದ್ದರೆ, 91.123ನೇ ಕಲಮಿನಂತೆ, ಆಗಲೂ ಕೇಳಿದರೆ ಮಾತ್ರ, 48 ಗಂಟೆಗಳಲ್ಲಿ ವಿವರ ಕೊಡಬೇಕು. ನನಗೆ ಬಂದದ್ದು ಒಂದು ಫೋನ್ ಕರೆ. ಏನಾಯಿತು ಎಂದು ಕೇಳಿದರು, ಹೇಳಿದೆ, ಇಬ್ಬರೂ ಕ್ಷೇಮವಷ್ಟೇ ಎಂದು ವಿಚಾರಿಸಿ ಇಟ್ಟರು. ಗ್ಯಾಸ್ ಸಂಪರ್ಕದ ವಿಳಾಸ ಬದಲಾಯಿಸಲು ನಾನು ಇದಕ್ಕಿಂತ ಹೆಚ್ಚು ಕಾಗದ ತುಂಬಿದ್ದೇನೆ.

ಆದರೂ ಈ ಭಯ ಪೂರ್ತಿ ಹುಸಿಯೆಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಹಗಲಿನ ಹಾರಾಟಕ್ಕೆ ಗುರಿ ತಲುಪಿದ ಮೇಲೂ ಮೂವತ್ತು ನಿಮಿಷ, ರಾತ್ರಿಯಾದರೆ ನಲವತ್ತೈದು ನಿಮಿಷ ಹಾರುವಷ್ಟು ಇಂಧನ ಮಿಗಬೇಕೆಂಬ ಲೆಕ್ಕದಲ್ಲೇ ಹೊರಡಬೇಕೆಂದು ನಿಯಮವಿದೆ. ಆ ಲೆಕ್ಕ ಹಾಕದೆ ಹೊರಟು ನಡುದಾರಿಯಲ್ಲಿ ಟ್ಯಾಂಕ್ ಬರಿದಾದರೆ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು. ಆ ಪ್ರಶ್ನೆ ಬರುವುದು ಘೋಷಿಸಿದ್ದಕ್ಕಲ್ಲ, ಲೆಕ್ಕ ಹಾಕದೆ ಹೊರಟದ್ದಕ್ಕೆ. ಬಾಯಿ ಮುಚ್ಚಿಕೊಂಡು ಹೊಲದಲ್ಲಿ ಬಿದ್ದವನನ್ನು ಇನ್ನೂ ಹೆಚ್ಚು ಕೇಳುತ್ತಾರೆ, ಉತ್ತರಿಸಲು ಉಳಿದಿದ್ದರೆ. ಉದ್ದೇಶಪೂರ್ವಕವಲ್ಲದ ತಪ್ಪುಗಳನ್ನು ಹತ್ತು ದಿನಗಳೊಳಗೆ ನಾಸಾದ ಸುರಕ್ಷತಾ ವರದಿ ವ್ಯವಸ್ಥೆಗೆ ಬರೆದು ತಿಳಿಸಿದರೆ ಸಾಮಾನ್ಯವಾಗಿ ದಂಡನೆಯಿಂದ ರಕ್ಷಣೆಯೂ ಉಂಟು. 1976ರಿಂದ ಅದು ನಡೆಯುತ್ತಿದೆ. ಭೂತದ ಕಥೆ ಹೇಳುವವರು ಇದನ್ನು ಮಾತ್ರ ಹೇಳುವುದಿಲ್ಲ.

ಸಂಕೋಚದ ಬೆಲೆ ಎಷ್ಟೆಂದು ತಿಳಿಯಬೇಕಾದವರು ಏವಿಯಾಂಕಾ ವಿಮಾನ ಕಂಪನಿಯ 52ನೇ ಸಂಖ್ಯೆಯ ವಿಮಾನದ ಕಥೆ ಓದಬೇಕು. ಅದು ಸಣ್ಣ ವಿಮಾನವಲ್ಲ, ಬೋಯಿಂಗ್ 707. ಹಾರಿಸುತ್ತಿದ್ದವರು ನಮ್ಮಂಥ ಭಾನುವಾರದ ಪೈಲಟ್‌ಗಳೂ ಅಲ್ಲ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಆ ವಿಮಾನವನ್ನು ಕೆಟ್ಟ ಹವೆಯ ಕಾರಣಕ್ಕೆ ಮೂರು ಕಡೆ, ಒಟ್ಟು ಒಂದು ಗಂಟೆಗೂ ಮೀರಿ ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ಕರಗುತ್ತಾ ಬಂತು. ಸಿಬ್ಬಂದಿ ಆದ್ಯತೆ ಕೇಳಿದರು. ಮೊದಲ ಪ್ರಯತ್ನದಲ್ಲಿ ಇಳಿಯಲಾಗದೆ ಮತ್ತೆ ಮೇಲೇರಿದಾಗ, ತುರ್ತು ಸ್ಥಿತಿಯಲ್ಲಿದ್ದೇವೆಂದು ತಿಳಿಸು ಎಂದು ಕ್ಯಾಪ್ಟನ್ ತನ್ನ ಭಾಷೆಯಲ್ಲಿ ಸಹಪೈಲಟ್‌ಗೆ ಹೇಳಿದರು. ಸಹಪೈಲಟ್ ಕಂಟ್ರೋಲರ್‌ಗೆ ಹೇಳಿದ್ದು, ಸೂಚನೆಯನ್ನು ಒಪ್ಪಿಕೊಂಡ ಮಾತಿನ ಬಾಲಕ್ಕೆ ಸೇರಿಸಿ, ಇಂಧನ ಮುಗಿಯುತ್ತಾ ಬಂದಿದೆ ಎಂದಷ್ಟೇ. ಆ ರಾತ್ರಿ ಆ ಆಕಾಶದಲ್ಲಿ ಕಾಯುತ್ತಿದ್ದ ಎಲ್ಲರ ಇಂಧನವೂ ಕರಗುತ್ತಲೇ ಇತ್ತು. ಕಂಟ್ರೋಲರ್‌ಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಾಲ್ಕೂ ಎಂಜಿನ್‌ಗಳು ಆರಿ ವಿಮಾನ ಲಾಂಗ್ ಐಲ್ಯಾಂಡ್‌ನ ಕೋವ್ ನೆಕ್ ಎಂಬಲ್ಲಿ ಗುಡ್ಡಕ್ಕೆ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಇರಲಿಲ್ಲ.

ಕಂಟ್ರೋಲರ್‌ಗಳದೂ ತಪ್ಪಿತ್ತು ಎಂದು ವಾದಿಸುವವರಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪರದೆಯ ಮೇಲೆ ಹತ್ತಾರು ಚುಕ್ಕೆಗಳನ್ನು ನೋಡುತ್ತಿರುವ ವ್ಯಕ್ತಿಗೆ ನಮ್ಮ ಮುಖ ಕಾಣುವುದಿಲ್ಲ. ಕೇಳುವುದು ಪದಗಳು ಮಾತ್ರ.

ಇದರ ಪಕ್ಕದಲ್ಲಿ ನಮ್ಮೂರಿನ ಸುದ್ದಿಯೊಂದನ್ನು ಇಡುತ್ತೇನೆ. 2025ರ ಜೂನ್‌ನಲ್ಲಿ ಗುವಾಹಟಿಯಿಂದ ಚೆನ್ನೈಗೆ ಹೋಗಿದ್ದ ಇಂಡಿಗೊ ವಿಮಾನ ಅಲ್ಲಿ ಇಳಿಯಲಾಗದೆ ಬೆಂಗಳೂರಿಗೆ ತಿರುಗಿ, ಇಂಧನಕ್ಕಾಗಿ ಮೇಡೇ ಹೇಳಿ ಸುರಕ್ಷಿತವಾಗಿ ಇಳಿಯಿತು. ಅಹಮದಾಬಾದ್ ದುರಂತ ನಡೆದು ವಾರವಷ್ಟೇ ಆಗಿತ್ತು, ಹಾಗಾಗಿ ಜನ ಗಾಬರಿಯಾದದ್ದು ಸಹಜ. ಆದರೆ ಟ್ಯಾಂಕ್ ಒಣಗಿಹೋಗಿತ್ತು, ಕೂದಲೆಳೆಯಲ್ಲಿ ಪಾರು ಎಂಬಂತೆ ಹಂಚಿಕೊಂಡವರಿಗೆ ಒಂದು ಮಾತು. ಇಳಿಯುವ ಹೊತ್ತಿಗೆ ಕೊನೆಯ ಮೀಸಲು ಇಂಧನಕ್ಕಿಂತ ಕಡಿಮೆ ಉಳಿಯುತ್ತದೆಂದು ಲೆಕ್ಕ ತೋರಿಸಿದ ಕೂಡಲೇ ಮೇಡೇ ಹೇಳಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಜೆಟ್ ವಿಮಾನಕ್ಕೆ ಆ ಮೀಸಲು ಮೂವತ್ತು ನಿಮಿಷದ್ದು. ಅಂದರೆ ಇನ್ನೂ ಹಾರಬಲ್ಲ ಸ್ಥಿತಿಯಲ್ಲಿರುವಾಗಲೇ ಹೇಳಬೇಕು. ಏವಿಯಾಂಕಾದವರು ಹೇಳದೇ ಉಳಿದದ್ದನ್ನು ಇವರು ಹೇಳಿದರು. ಅದಕ್ಕೆ ಸಿಕ್ಕ ಶೀರ್ಷಿಕೆ, ಆತಂಕ!

ನಮ್ಮಂಥ ಹವ್ಯಾಸಿಗಳಿಗೆ ಎಂಜಿನ್‌ಗಿಂತ ದೊಡ್ಡ ಶತ್ರು ಮೋಡ. ಇಲ್ಲಿ ಬೇಸಿಗೆಯ ಸಂಜೆ ಸಮುದ್ರದ ಮಂಜು ವಾಟ್ಸನ್‌ವಿಲ್, ಹಾಫ್ ಮೂನ್ ಬೇ ಕಡೆಯಿಂದ ಒಳನುಗ್ಗುತ್ತದೆ. ಹೋಗುವಾಗ ಕಾಣುತ್ತಿದ್ದ ರನ್‌ವೇ ಬರುವಾಗ ಕಾಣುವುದಿಲ್ಲ. ಉಪಕರಣಗಳನ್ನು ನಂಬಿ ಹಾರಲು ಕಲಿಯದವನು ಮೋಡದೊಳಗೆ ಹೊಕ್ಕರೆ ದೇಹದ ಸಮತೋಲನವೇ ಅವನಿಗೆ ಸುಳ್ಳು ಹೇಳುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅಂಥ ಇಪ್ಪತ್ತು ಜನರನ್ನು ಪರೀಕ್ಷಿಸಿದಾಗ ಒಬ್ಬರೂ ಹಿಡಿತ ಉಳಿಸಿಕೊಳ್ಳಲಿಲ್ಲ, ಸರಾಸರಿ 178 ಸೆಕೆಂಡುಗಳಲ್ಲಿ ನಿಯಂತ್ರಣ ತಪ್ಪಿತು. ಮೂರು ನಿಮಿಷವೂ ಇಲ್ಲ. ಎಂಜಿನ್ ಚೆನ್ನಾಗಿ ಗುಂಯ್ಗುಡುತ್ತಿರುವುದರಿಂದ ಇದು ತುರ್ತು ಎಂದೇ ಅನಿಸುವುದಿಲ್ಲ, ಇನ್ನು ಸ್ವಲ್ಪ ಮುಂದೆ ಹೋದರೆ ತಿಳಿಯಾಗಬಹುದು ಎನಿಸುತ್ತದೆ. ಅಪಾಯವಾಗುವವರೆಗೆ ಕಾಯದೆ, ಸುರಕ್ಷತೆಯ ಬಗ್ಗೆ ಅಳುಕು ಹುಟ್ಟಿದಾಗಲೇ ನೆರವು ಕೇಳಿ ಎಂದು ಎಫ್‌ಎಎ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಅಳುಕು ಸಾಕು, ಪುರಾವೆ ಬೇಕಿಲ್ಲ.

ಚಿಕ್ಕಪುಟ್ಟದ್ದಕ್ಕೆಲ್ಲ ಕೂಗಿದರೆ ಕೂಗಿಗೆ ಬೆಲೆ ಉಳಿಯುವುದಿಲ್ಲವಲ್ಲ ಎಂದು ಆ ಗುಂಪಿನಲ್ಲೇ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಸರ್, ಅದಕ್ಕೆಂದೇ ಮೇಡೇಗಿಂತ ಒಂದು ಮೆಟ್ಟಿಲು ಕೆಳಗೆ ಪ್ಯಾನ್-ಪ್ಯಾನ್ ಇದೆ. ಸದ್ಯಕ್ಕೆ ಜೀವಕ್ಕೆ ಅಪಾಯವಿಲ್ಲ, ಆದರೆ ಕಿವಿಗೊಡಿ ಎಂದು ಅರ್ಥ. ಎರಡರಲ್ಲಿ ಯಾವುದೆಂದು ತೋಚದಿದ್ದರೆ ಏನಾಗಿದೆ ಎಂದು ಸಾದಾ ಮಾತಿನಲ್ಲಿ ಹೇಳಿದರೂ ಆಯಿತು. ನಿಮ್ಮ ಪರವಾಗಿ ಕಂಟ್ರೋಲರೇ ತುರ್ತು ಸ್ಥಿತಿ ಘೋಷಿಸಬಲ್ಲರು. ಪರಿಸ್ಥಿತಿ ಸರಿಹೋದರೆ ಹಿಂದಕ್ಕೆ ಪಡೆಯುವುದಕ್ಕೂ ಒಂದೇ ಸಾಲು ಸಾಕು. ಸುಮ್ಮನೆ ಬಂದು ಸುಮ್ಮನೆ ಹಿಂದಿರುಗಿದ ಅಗ್ನಿಶಾಮಕ ಸಿಬ್ಬಂದಿ ಯಾರನ್ನೂ ಬೈದದ್ದನ್ನು ನಾನು ಕಂಡಿಲ್ಲ. ಹಾಲಿಸ್ಟರ್‌ನಲ್ಲಿ ನಮಗೆ ಕುಡಿಯಲು ನೀರು ಕೊಟ್ಟರು.

ಒಂದೇ ಎಚ್ಚರಿಕೆ: ವಿಮಾನವನ್ನು ಗಾಳಿಯಲ್ಲಿ ಹಿಡಿದಿಡುವುದು ರೆಕ್ಕೆ, ರೇಡಿಯೊ ಅಲ್ಲ. ಮೊದಲು ಹಾರಿಸಿ, ಆಮೇಲೆ ದಿಕ್ಕು ಹಿಡಿಯಿರಿ, ಮಾತು ಮೂರನೆಯದು. ಯಾವ ಫ್ರೀಕ್ವೆನ್ಸಿಯಲ್ಲಿ ಇರಬೇಕೆಂದು ಗೊತ್ತಾಗದಿದ್ದರೆ ತುರ್ತಿಗೆಂದೇ ಮೀಸಲಾದ 121.5 ಇದೆ, ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7700 ಹಾಕಿದರೆ ನಿಮ್ಮ ಚುಕ್ಕೆ ಅವರ ಪರದೆಯ ಮೇಲೆ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ ಪಕ್ಕದಲ್ಲಿ ಕೂರುವವರಿಗೆ. 2022ರ ಮೇ ತಿಂಗಳಿನಲ್ಲಿ ಫ್ಲಾರಿಡಾದಲ್ಲಿ ಸೆಸ್ನಾ ಕ್ಯಾರವಾನ್ ಹಾರಿಸುತ್ತಿದ್ದ ಪೈಲಟ್ ಅಸ್ವಸ್ಥರಾಗಿ ಕುಸಿದಾಗ, ವಿಮಾನ ಹಾರಿಸಲು ಬಾರದ ಪ್ರಯಾಣಿಕರೊಬ್ಬರು ರೇಡಿಯೊದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು: ಪರಿಸ್ಥಿತಿ ಗಂಭೀರವಾಗಿದೆ, ಪೈಲಟ್ ಸರಿಯಾಗಿ ಮಾತಾಡಲಾರದಂತಾಗಿದ್ದಾರೆ, ನನಗೆ ಹಾರಿಸಲು ಗೊತ್ತಿಲ್ಲ. ಪಾಮ್ ಬೀಚ್‌ನ ಕಂಟ್ರೋಲರ್ ರಾಬರ್ಟ್ ಮಾರ್ಗನ್ ಸ್ವತಃ ಹಾರಾಟದ ಬೋಧಕರಾಗಿದ್ದರೂ ಆ ಮಾದರಿಯನ್ನು ಎಂದೂ ಹಾರಿಸಿದವರಲ್ಲ. ಅದರ ಉಪಕರಣ ಫಲಕದ ಚಿತ್ರ ತರಿಸಿ ಮುಂದಿಟ್ಟುಕೊಂಡು ಹಂತಹಂತವಾಗಿ ಹೇಳಿಕೊಟ್ಟು ಇಳಿಸಿದರು. ಆ ಪ್ರಯಾಣಿಕರು ಮೇಡೇ ಎನ್ನಲಿಲ್ಲ, ಆದರೆ ಅವರಿಗೆ ಲೈಸೆನ್ಸಿನ ಚಿಂತೆಯೂ ಇರಲಿಲ್ಲ, ಮಾನ ಹೋಗುತ್ತದೆಂಬ ಭಯವೂ ಇರಲಿಲ್ಲ. ಹಾಗಾಗಿ ನನ್ನ ಜೊತೆ ಹಾರಲು ಬರುವವರಿಗೆಲ್ಲ, ಅಮ್ಮನ ವಯಸ್ಸಿನವರಾದರೂ ಸರಿ, ಸೀಟ್‌ಬೆಲ್ಟ್ ಹಾಕಿಸಿದ ಮೇಲೆ ಮಾತನಾಡುವ ಗುಂಡಿ ಎಲ್ಲಿದೆ ಎಂದು ತೋರಿಸಿ, ಎಂಜಿನ್ ಶುರು ಮಾಡುವ ಮೊದಲು ಒಂದು ಸಲ ಅವರ ಬೆರಳಿನಿಂದಲೇ ಒತ್ತಿಸುತ್ತೇನೆ.